ಕುಂಟಿದ ತಾಳ

"ಇದೇಯ" ಎಂದ ಚಿಕ್ಕಮಾದಪ್ಪ.

ಗೋಡೆಯ ಆಚೆ ಮೊದಲನೆಯ ಗಾಡಿ ಶುರುವಾಗಿ ಇನ್ನೂ ಸರಿಯಾಗಿ ಬಿಸಿ ಕೂಡ ಆಗಿರಲಿಲ್ಲ. ಮುದುಕ ಗೋಡೆಗೆ ಬೆನ್ನು ಕೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಆಚೆಯ ಡುಗ್ ಡುಗ್ ಸದ್ದಿನ ಮೇಲೇ ಅವನ ಕಂಸಾಳೆ ಬಿತ್ತು. ಎಲ್ಲೂ ಹಿಂದಾಗಲಿಲ್ಲ, ಮುಂದಾಗಲಿಲ್ಲ.

"ಇದೇ ಕಣ್ ಸಾ. ಮಾದಪ್ಪನಾಣೆಗೂ ಇದೇಯ."

ಸಬ್ ಇನ್‌ಸ್ಪೆಕ್ಟರ್ ರಂಗನಾಯಕ ತಿರುಗಿ ಜ್ಯೋತಿಲಕ್ಷ್ಮಿಯನ್ನು ನೋಡಿದ. ನೋಟದಲ್ಲಿ ಗೆದ್ದವನ ಖುಷಿ ಇದ್ದಿದ್ದರೆ ಅವಳು ಜಗಳಕ್ಕಾದರೂ ನಿಲ್ಲುತ್ತಿದ್ದಳು. ಅಲ್ಲಿದ್ದದ್ದು ಕನಿಕರ. ಅದನ್ನು ತಡೆದುಕೊಳ್ಳುವುದು ಅವಳಿಗೆ ಕಷ್ಟವಾಯಿತು.

ಆ ಮೊದಲನೆಯ ಗಾಡಿ ಅವಳ ತಮ್ಮ ಕುಮಾರಸ್ವಾಮಿಯ ಬುಲೆಟ್. ಲೊಕ್ಕನಹಳ್ಳಿಯ ಸುವರ್ಣಮ್ಮನನ್ನು ಮಂಜು ಕವಿದ ಒಂದು ಬೆಳಗ್ಗೆ ಗುದ್ದಿ, ರಸ್ತೆ ಬದಿಯಲ್ಲಿ ನರಳಲು ಬಿಟ್ಟು ಹೋದ ಗಾಡಿ ಅದೇ ಎಂದು ಪೊಲೀಸರು ಹೇಳುತ್ತಿದ್ದರು. ಅಲ್ಲ ಎಂದು ಇವಳೊಬ್ಬಳು ಹೇಳುತ್ತಿದ್ದಳು. ಕಣ್ಣಾರೆ ಕಂಡವರು ಯಾರೂ ಇಲ್ಲ. ಕಿವಿಯಾರೆ ಕೇಳಿದವನು ಈ ಚಿಕ್ಕಮಾದಪ್ಪನೊಬ್ಬ. ಕೇಳಿದ ಸದ್ದನ್ನು ಅವನು ಆಗಲೇ ಪೊಲೀಸರಿಗೆ ಬಾರಿಸಿ ತೋರಿಸಿದ್ದ, ಅದು ಬುಲೆಟ್ಟಿನ ತಾಳ ಎಂದು ಅವರು ಬರೆದುಕೊಂಡಿದ್ದರು.

ಕೊಳ್ಳೇಗಾಲದ ಹೊರಗೆ, ಬಾಗಿಲು ಹಾಕಿದ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಈ ಪರೀಕ್ಷೆ ನಡೆದಿತ್ತು. ಒಲೆಗಳು ಆರಿ ವರ್ಷಗಳಾದರೂ ಬೆಂದ ಹುಳುವಿನ ವಾಸನೆ ಗೋಡೆ ಬಿಟ್ಟಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ತಗಡಿನ ಸೂರು ಚಟಚಟ ಅನ್ನುತ್ತಿತ್ತು. ಕಳ್ಳರನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುವುದು ಎಲ್ಲರಿಗೂ ಗೊತ್ತು. ಇಂಜಿನ್ನುಗಳನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುವ ಹುಚ್ಚು ಜ್ಯೋತಿಲಕ್ಷ್ಮಿಯದು.

ಹುಚ್ಚು ಅಂದರೂ ಅದು ಅವಳ ಕಸುಬಿನಿಂದ ಬಂದದ್ದು. ಯಳಂದೂರಿನ ಹತ್ತಿರದ ಅಗರದಲ್ಲಿ ಹುಟ್ಟಿ ಕೊಳ್ಳೇಗಾಲಕ್ಕೆ ಬಂದು ನೆಲೆಸಿದ ಈ ಹೆಂಗಸು ಇನ್ಶೂರೆನ್ಸ್ ಕಂಪನಿಗಳಿಗೆ ಅಪಘಾತದ ತನಿಖೆ ಮಾಡಿಕೊಡುತ್ತಿದ್ದಳು. ಯಾವ ಗಾಡಿ ಯಾರಿಗೆ ಗುದ್ದಿತು, ಅದರಲ್ಲಿ ಸುಳ್ಳೆಷ್ಟು, ನಿಜವೆಷ್ಟು ಎಂದು ಮೂರು ತಾಲ್ಲೂಕಿನ ರಸ್ತೆಗಳಲ್ಲಿ ಬಗ್ಗಿ ಬಗ್ಗಿ ನೋಡಿ ಅವಳ ಸೊಂಟ ಬಿದ್ದುಹೋಗಿತ್ತು. ಗುದ್ದಿ ಓಡಿಹೋದವರ ಹಲವು ಕೇಸುಗಳಲ್ಲಿ ರಂಗನಾಯಕನೇ ಅವಳ ಸಹಾಯ ಪಡೆದಿದ್ದ. ಆ ಋಣಕ್ಕೆ ಇವತ್ತು ಒಪ್ಪಿಕೊಂಡಿದ್ದ.

"ಇದೊಂದು ಸಲ ಮೇಡಂ. ಎಲ್ಲಾ ನಾನೇ ನಡೆಸ್ತೀನಿ. ನೀವು ಆರೋಪಿಯ ಅಕ್ಕ, ದೂರ ನಿಲ್ಲಬೇಕು" ಎಂದಿದ್ದ.

ಅವಳು ದೂರವೇ ನಿಂತಿದ್ದಳು. ಮೊದಲ ಗಾಡಿಗೇ ಎಲ್ಲ ಮುಗಿದುಹೋದಂತಿತ್ತು.

"ಇನ್ನೂ ಎರಡು ಗಾಡಿ ಇದಾವೆ" ಎಂದಳು. ಅವಳ ದನಿ ಅವಳಿಗೇ ಬೇಡಿಕೊಂಡಂತೆ ಕೇಳಿಸಿತು.

ರಂಗನಾಯಕ ನಿಟ್ಟುಸಿರು ಬಿಟ್ಟು ಆಚೆಯ ಕಾನ್‌ಸ್ಟೆಬಲ್‌ಗೆ ಕೂಗಿ ಹೇಳಿದ. ಬುಲೆಟ್ ಆರಿತು.

ಹಿಂದಿನ ದಿನ ಜೈಲಿನಲ್ಲಿ ಕಂಡ ತಮ್ಮನ ಮುಖ ಅವಳ ಕಣ್ಣ ಮುಂದೆ ಬಂತು. ಅವನು ಊಟ ಬಿಟ್ಟಿದ್ದ. ಹನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡು, ಬೋರ್‌ವೆಲ್‌ನಿಂದ ಮೋಟಾರನ್ನು ಬರಿಗೈಯಲ್ಲಿ ಎಳೆಯುತ್ತಿದ್ದ ಆಳು ಈಗ ಕಂಬಿ ಹಿಡಿದು ನಿಲ್ಲುವ ಹಾಗಾಗಿದ್ದ. "ಬುಲೆಟ್ ಮೇಲೆ ಒಂದು ಗೀರೂ ಇಲ್ಲ, ಕೇಸು ಕೊನೆಗೆ ಬಿದ್ದೇ ಬೀಳುತ್ತೆ" ಎಂದು ವಕೀಲರು ಧೈರ್ಯ ಹೇಳಿದ್ದರು. ಕೊನೆ ಯಾವಾಗ ಎಂದು ಮಾತ್ರ ಅವರು ಹೇಳಲಿಲ್ಲ. ಜಾಮೀನು ಆಗಲೇ ತಿರಸ್ಕಾರವಾಗಿತ್ತು. ಬಿಡುಗಡೆಯ ಆದೇಶ ಬರುವ ಹೊತ್ತಿಗೆ ಬಿಡಿಸಿಕೊಂಡು ಬರಲು ತಮ್ಮನೇ ಉಳಿದಿರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಅದಕ್ಕೇ ಈ ಆತುರ.

ಅವನಿಗೋ ಯಾವ ಆತುರವೂ ಇರಲಿಲ್ಲ. ಸದ್ದಿನ ಪರೀಕ್ಷೆ ಮಾಡಿಸುತ್ತೇನೆ ಎಂದಾಗ ತಲೆ ಎತ್ತಿ ಅವಳ ಮುಖವನ್ನೇ ನೋಡಿದ್ದ.

"ಆ ಸದ್ದಿನ ತಂಟೆಗೆ ಓಗ್ಬ್ಯಾಡ ಅಕ್ಕ. ಅದು ಬುಲೆಟ್ಟು ಅಂತಲೇ ಇರ್ಲಿ. ಬುಟ್ಬುಡು."

"ಬುಡಕ್ಕಾಗಲ್ಲ ಕಣೋ. ನೀನು ಕೈಚೆಲ್ಲಿ ಕೂತ್ರೂ ನಾನು ಕೂರಾಕಿಲ್ಲ" ಎಂದು ಗದರಿ ಬಂದಿದ್ದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅತ್ತಿದ್ದಳು. ಬದುಕುವ ಆಸೆಯೇ ಸತ್ತವನ ಮಾತು ಅದು ಎಂದು ಅವಳಿಗೆ ಅನ್ನಿಸಿತ್ತು.

ಎರಡನೆಯ ಗಾಡಿ ಶುರುವಾಯಿತು. ಇದು ಒಬ್ಬ ಕಾಲೇಜು ಮೇಷ್ಟರದು. ಸಣ್ಣ ಜೋಡಿ ಸಿಲಿಂಡರಿನದು, ಸದ್ದು ನುಣ್ಣಗೆ ಗುಂಯ್ಯೆಂದು ಹರಿಯಿತು. ಚಿಕ್ಕಮಾದಪ್ಪ ಕಂಸಾಳೆ ಎತ್ತಲೇ ಇಲ್ಲ.

"ಇದಲ್ಲ ಬುಡಿ. ಇದು ಮಿಕ್ಸಿ ಇದ್ದಂಗದೆ."

ಕಾನ್‌ಸ್ಟೆಬಲ್ ಗೋಡೆಯಾಚೆ ಕಿಸಕ್ಕೆಂದ.

ಮೂರನೆಯದು ಗುರುಪಾದಸ್ವಾಮಿಯ ಗಾಡಿ. ಅವಳು ನಿಜಕ್ಕೂ ಕಾದಿದ್ದದ್ದು ಅದಕ್ಕೆ.

ಗುರುಪಾದಸ್ವಾಮಿ ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯ ಮಾಲೀಕರ ಮಗ, ಕುಮಾರಸ್ವಾಮಿಯ ಜೀವದ ಗೆಳೆಯ. ಭಾನುವಾರವಾದರೆ ಇಬ್ಬರೂ ಒಡೆಯರಪಾಳ್ಯದ ಕಡೆ ಗಾಡಿ ಓಡಿಸಿಕೊಂಡು ಹೋಗಿ, ಟಿಬೆಟ್‌ನವರ ಹೋಟೆಲಿನಲ್ಲಿ ತಿಂದು ಬರುತ್ತಿದ್ದರು. ಆರುನೂರು ಸಿ.ಸಿ.ಗೂ ಮೀರಿದ ಅವನ ಗಾಡಿ ಬಂದರೆ ಊರಿನವರೆಲ್ಲ ಬುಲೆಟ್ ಬಂತು ಅನ್ನುತ್ತಿದ್ದರು. ದಪ್ಪ ಸದ್ದಿನ ಗಾಡಿಯೆಲ್ಲ ಈ ಸೀಮೆಯವರ ಬಾಯಲ್ಲಿ ಬುಲೆಟ್ಟೇ.

ಆದರೆ ಅದು ಬುಲೆಟ್ ಅಲ್ಲ. ಅದನ್ನು ಅವಳು ಹಿಂದಿನ ವಾರ ರಂಗನಾಯಕನಿಗೆ ಒನಕೆಯ ಲೆಕ್ಕದಲ್ಲಿ ಬಿಡಿಸಿ ಹೇಳಿದ್ದಳು.

"ನಿಮ್ಮ ಬುಲೆಟ್‌ಗೆ ಒಂದೇ ಸಿಲಿಂಡರ್. ಒಬ್ಬಳೇ ಭತ್ತ ಕುಟ್ಟಿದ ಹಾಗೆ. ಒಂದು ಏಟು, ಒಂದು ಬಿಡುವು, ಒಂದು ಏಟು, ಒಂದು ಬಿಡುವು. ಜೋಡಿ ಸಿಲಿಂಡರ್ ಅಂದರೆ ಒಂದೇ ಒರಳಿಗೆ ಇಬ್ಬರು ಕುಟ್ಟಿದ ಹಾಗೆ. ಇಬ್ಬರೂ ಸಮವಾಗಿ ಬಿಡುವು ಕೊಟ್ಟರೆ ಸದ್ದು ನುಣ್ಣಗಿರುತ್ತೆ. ಕೆಲವು ಗಾಡಿಯಲ್ಲಿ ಮಾತ್ರ ಒಬ್ಬಳ ಏಟಿನ ಬೆನ್ನಿಗೇ ಇನ್ನೊಬ್ಬಳ ಏಟು ಬೀಳುತ್ತೆ, ಆಮೇಲೆ ಇಬ್ಬರೂ ಸ್ವಲ್ಪ ಹೆಚ್ಚು ಹೊತ್ತು ಕೈ ಎತ್ತಿ ನಿಂತಿರ್ತಾರೆ. ಎರಡು ಏಟು, ದೊಡ್ಡ ಬಿಡುವು. ಕುಂಟಿಕೊಂಡು ನಡೆದ ಹಾಗೆ."

"ಬೇಕಂತಲೇ ಹಾಗೆ ಮಾಡ್ತಾರಾ?"

"ಬೇಕಂತಲೇ. ಒಳಗೆ ತಿರುಗೋ ಕ್ರ್ಯಾಂಕ್ ದಂಡವನ್ನೇ ಹಾಗೆ ತಿರುಚಿ ಇಟ್ಟಿರ್ತಾರೆ. ಓಡಿಸೋನಿಗೆ ಗಾಡಿಗೆ ಜೀವ ಇದೆ ಅನಿಸುತ್ತೆ. ಏರು ಸಿಕ್ಕರೆ ಉಸಿರು ಕಟ್ಟದೆ ಎಳೆಯುತ್ತೆ."

"ಜಡ್ಜ್ ಸಾಹೇಬರ ಮುಂದೆ ಒನಕೆ ಹಿಡ್ಕೊಂಡು ಹೋಗ್ತೀರಾ ಮೇಡಂ?" ಎಂದು ಅವನು ಚುಡಾಯಿಸಿದ್ದ. ಆದರೆ ಏರಿನ ಮಾತು ಅವನ ತಲೆಯಲ್ಲಿ ಉಳಿದಿತ್ತು.

ಯಾಕೆಂದರೆ ಆ ಬೆಳಗಿನ ಕತೆಯೇ ಹಾಗಿತ್ತು. ಸುವರ್ಣಮ್ಮ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದಳು. ಗುದ್ದಿದವನು ಗಾಡಿ ನಿಲ್ಲಿಸಿದ್ದ, ಇಂಜಿನ್ ಆರಿಸಿರಲಿಲ್ಲ. ಜೋಳದ ಹೊಲಕ್ಕೆ ಆನೆ ನುಗ್ಗದಂತೆ ಅಟ್ಟಣೆಯ ಮೇಲೆ ಕಾವಲು ಕೂತಿದ್ದ ಚಿಕ್ಕಮಾದಪ್ಪನಿಗೆ ಮಂಜಿನಲ್ಲಿ ಏನೂ ಕಾಣಿಸಲಿಲ್ಲ, ನಿಂತ ಗಾಡಿಯ ಸದ್ದು ಮಾತ್ರ ಬಹಳ ಹೊತ್ತು ಕೇಳಿಸಿತ್ತು. ಆ ಪುಣ್ಯಾತ್ಮ ಅಲ್ಲಿ ನಿಂತು ಹೆಂಗಸಿನ ನರಳಾಟ ಕೇಳಿದ್ದಾನೆ, ಯೋಚನೆ ಮಾಡಿದ್ದಾನೆ, ಆಮೇಲೆ ಗೇರು ಹಾಕಿದ್ದಾನೆ. ಮುಂದಿನ ಏರನ್ನು ಒಂದೇ ಉಸಿರಿಗೆ ಹತ್ತಿ ಹೋಗಿದ್ದಾನೆ. ಕುಮಾರಸ್ವಾಮಿಯ ಹಳೇ ಬುಲೆಟ್ ಆ ಏರಿನಲ್ಲಿ ಏದುಸಿರು ಬಿಡುತ್ತದೆ ಎನ್ನುವುದು ಅದರ ಹಿಂದೆ ಕೂತವರಿಗೆಲ್ಲ ಗೊತ್ತು.

ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದಳು ಎಂದು ವೈದ್ಯರು ಹೇಳಿದ್ದರು.

ಅವಳ ಮಗಳು ರತ್ನಳನ್ನು ಕುಮಾರಸ್ವಾಮಿ ಮದುವೆಗೆ ಕೇಳಿದ್ದ. ಸುವರ್ಣಮ್ಮ ಕೊಡುವುದಿಲ್ಲ ಎಂದಿದ್ದಳು. ಅವಳು ಸಾಯುವ ಹಿಂದಿನ ದಿನವೇ ಇವನು ಅವಳ ಮನೆ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಾಡಿ ಬಂದಿದ್ದ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಜ್ಯೋತಿಲಕ್ಷ್ಮಿಯ ಅನುಮಾನ ಮಾತ್ರ ಬೇರೆ ಕಡೆ ಇತ್ತು. ಗುರುಪಾದಸ್ವಾಮಿ ಗಾಡಿಯನ್ನು ಶೆಡ್ಡಿನ ಅಂಗಳಕ್ಕೆ ತಂದು ನಿಲ್ಲಿಸಿದಾಗಲೇ ಅವಳು ಸುತ್ತು ಹಾಕಿ ನೋಡಿದ್ದಳು. ಟ್ಯಾಂಕಿನ ಬಣ್ಣ ಬಿಸಿಲಿಗೆ ಮಂಕಾಗಿದೆ, ಹಿಂದಿನ ಮಡ್‌ಗಾರ್ಡಿನ ತುಂಬ ಕಲ್ಲು ಸಿಡಿದ ಗುರುತು. ಮುಂದಿನ ಮಡ್‌ಗಾರ್ಡು ಮಾತ್ರ ಹೊಚ್ಚ ಹೊಸದು. ಅದರ ಬೋಲ್ಟುಗಳೂ ಹೊಸವು.

ಅದನ್ನು ಕಂಡು ಅವಳು ಬಾಯಿ ಬಿಟ್ಟಿರಲಿಲ್ಲ. ಬೇಕಂತಲೇ ಅವನ ಗಾಡಿಯನ್ನು ಕೇಳಿದ್ದಳು, ಬೇಕಂತಲೇ ನಕ್ಕು ಮಾತಾಡಿಸಿದ್ದಳು. ತಮ್ಮ ಜೈಲಿನಲ್ಲಿ ಒಣಗುತ್ತಿರುವಾಗ ಇವನು ಇಸ್ತ್ರಿ ಅಂಗಿ ತೊಟ್ಟು ಬೇವಿನ ಮರದ ನೆರಳಿನಲ್ಲಿ ನಿಂತಿದ್ದ. ಬೋನು ಇಟ್ಟಾಗಿತ್ತು. ಮುದುಕ ಸರಿಯಾಗಿ ಗುರುತು ಹಿಡಿಯುವುದೊಂದು ಬಾಕಿ.

ಮೂರನೆಯ ಗಾಡಿ ಶುರುವಾಯಿತು.

ದಡದಡ್. ಬಿಡುವು. ದಡದಡ್. ಬಿಡುವು.

ಚಿಕ್ಕಮಾದಪ್ಪನ ಕೈ ಎದ್ದಿತು. ಮೊದಲ ಏಟುಗಳು ಎಡವುತ್ತ ಬಿದ್ದವು. ಅವನು ಹುಬ್ಬು ಗಂಟಿಕ್ಕಿದ, ಹಲ್ಲು ಕಚ್ಚಿದ. ನೋಡನೋಡುತ್ತ ಕಂಸಾಳೆಯ ಏಟು ನೆಟ್ಟಗಾಯಿತು. ಗೋಡೆಯಾಚೆ ಗಾಡಿ ಕುಂಟುತ್ತಲೇ ಇತ್ತು, ಈಚೆ ಅವನ ತಾಳ ಅದನ್ನು ತಿದ್ದಿಕೊಂಡು ಸಮವಾಗಿ ನಡೆಯಿತು.

"ಇದೂ ಬುಲೆಟ್ಟೇ ಸಾ. ಆದ್ರೆ ಅದಲ್ಲ. ಮೊದ್ಲುದೇ ಅದು."

ರಂಗನಾಯಕ ಟೋಪಿ ತೆಗೆದು ತಲೆ ಒರೆಸಿಕೊಂಡ. "ಸಾಕು ಮೇಡಂ. ಇದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ."

ಆದರೆ ಜ್ಯೋತಿಲಕ್ಷ್ಮಿ ಮುದುಕನ ಕೈಯನ್ನೇ ನೋಡುತ್ತಿದ್ದಳು. ದೂರ ನಿಲ್ಲಬೇಕು ಅನ್ನುವ ಕರಾರು ಅವಳಿಗೆ ಮರೆತೇಹೋಯಿತು. ಹೋಗಿ ಅವನ ಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ತಾತ, ಕಂಸಾಳೆ ಕೆಳಗಿಡಿ."

"ಯಾಕವ್ವ?"

"ನಾನು ಮುಟ್ಟಲ್ಲ. ನೀವೇ ಇಡಿ."

ಚಿಕ್ಕಮಾದಪ್ಪ ಮಾದಪ್ಪನ ಗುಡ್ಡ, ಅಂದರೆ ಆ ದೇವರ ಶಿಷ್ಯ. ದೀಕ್ಷೆ ಪಡೆದು, ಜೋಳಿಗೆ ಹೊತ್ತು, ಮಾದೇಶ್ವರನ ಕತೆ ಹಾಡಿಕೊಂಡು ಬಂದ ಮನೆತನ. ಹೆಗಲ ವಸ್ತ್ರವನ್ನು ನೆಲಕ್ಕೆ ಹಾಸಿ, ಕಣ್ಣಿಗೊತ್ತಿಕೊಂಡು ತಾಳಗಳನ್ನು ಅದರ ಮೇಲಿಟ್ಟ. ಬರಿಗೈಯನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

"ಅವತ್ತು ಅಟ್ಟಣೆ ಮೇಲೆ ಇದು ನಿಮ್ಮ ಕೈಯಲ್ಲಿತ್ತಾ?"

"ಇಲ್ಲ ಕಣವ್ವ. ದೇವ್ರ ಗೂಡಲ್ಲಿತ್ತು. ಕೈಲಿದ್ದುದ್ದು ಅಗ್ಗ. ಡಬ್ಬ ಕಟ್ಟಿರೋ ಅಗ್ಗ. ಆನೆ ಒಲದಲ್ಲೇ ಇದ್ದೋ, ಎಳ್ದು ಸದ್ದು ಮಾಡಿ ಓಡುಸ್ಬೇಕಲ್ಲ."

"ಆ ಗಾಡಿ ನಿಂತಿದ್ದಾಗ ಇನ್ನೊಂದು ಕೈ ಸುಮ್ಮನಿತ್ತಾ?"

"ನಮ್ ಕೈ ಯಾವತ್ತವ್ವ ಸುಮ್ಕಿದ್ದದ್ದು? ತೊಡೆ ಮ್ಯಾಲೆ ಬಡೀತಿತ್ತು."

"ಸರಿಯಾಗಿ ಬಡೀತಿತ್ತಾ?"

ಮುದುಕ ಮುಖ ತಿರುಗಿಸಿ ಆರಿದ ಒಲೆಗಳ ಕಡೆ ನೋಡಿದ.

"ತಾತ, ನನ್ನ ತಮ್ಮ ಸಾಯ್ತಾ ಇದ್ದಾನೆ. ಹೇಳಿ."

"ತಪ್ತಿತ್ತು ಕಣವ್ವ." ಅವನ ದನಿ ಇಳಿಯಿತು. "ತಾಳ ತಪ್ತಿತ್ತು. ಎಷ್ಟ್ ಸಲ ಇಡುದ್ರೂವೆ ಕೈ ಮುಗ್ಗುರುಸ್ತಿತ್ತು. ಚಳಿಗೆ ನಡುಗ್ತದೆ ಅನ್ಕಂಡೆ. ನಿಂಗೆ ವಯಸ್ಸಾಯ್ತು ಕಣ್ಲಾ ಮಾದ, ಮಾದಪ್ಪ ಕೊಟ್ಟಿದ್ ತಾಳನ ಕಿತ್ಕಂಡ ಅಂತ ಒಟ್ಟೇಲಿ ಸಂಕ್ಟ ಆಗೋಯ್ತು. ಅಲ್ಲಿ ರೋಡಲ್ಲಿ ಒಬ್ಳು ಜೀವ ಬುಡ್ತಾವ್ಳೆ, ನಾನು ಮ್ಯಾಲೆ ಕುಂತ್ಕಂಡು ನನ್ ತಾಳ ಓಯ್ತಲ್ಲ ಅಂತ ಅಳ್ತಾವ್ನಿ."

ಜ್ಯೋತಿಲಕ್ಷ್ಮಿ ಕುರ್ಚಿಗೆ ಇನ್ನಷ್ಟು ಹತ್ತಿರ ಸರಿದಳು.

"ಮತ್ತೆ ಪೊಲೀಸರು ಕೇಳಿದಾಗ ಹಾಗೇ ಬಾರಿಸಿ ತೋರಿಸಲಿಲ್ಲ ಯಾಕೆ?"

ಅವನು ಇಷ್ಟೂ ತಿಳಿಯದೇ ಅನ್ನುವಂತೆ ಅವಳನ್ನು ನೋಡಿದ.

"ಮಾದಪ್ಪನ ಮ್ಯಾಲೆ ಆಣೆ ಮಾಡ್ಸುದ್ರಲ್ಲವ್ವ. ಆಣೆ ಮಾಡ್ಸಿ, ಕಂಸಾಳೇಲಿ ಬಾರ್ಸಿ ತೋರ್ಸು ಅಂದ್ರು. ಆಣೆ ಮಾಡಿ ಇದನ್ನ ಇಡ್ಕಂಡ್ ಮ್ಯಾಲೆ ತಪ್ ತಾಳ ಬಡಿಯಾಕಾದದಾ? ಪಾಪ ಸುತ್ಕತದೆ. ತಪ್ಪು ನನ್ ಕೈದು ಅಂತ ಗೊತ್ತಿತ್ತಲ್ಲ. ತಿದ್ಕಂಡು ಬಡ್ದೆ."

ರಂಗನಾಯಕ ನೆಲ ನೋಡುತ್ತ ನಿಂತ. ಆಣೆ ಮಾಡಿಸಿದ್ದು ಅವನೇ. ಕಂಸಾಳೆಯಲ್ಲಿ ಬಾರಿಸು ಎಂದು ಹೇಳಿ ಮೊಬೈಲಿನಲ್ಲಿ ವಿಡಿಯೋ ಮಾಡಿಸಿದ್ದೂ ಅವನೇ. ಮುದುಕ ಸುಳ್ಳು ಹೇಳಬಾರದೆಂದು ಅಷ್ಟೆಲ್ಲ ಜಾಗ್ರತೆ ವಹಿಸಿದ್ದ.

"ಈಗ ಕಂಸಾಳೆ ಇಲ್ಲ, ಆಣೆನೂ ಇಲ್ಲ" ಎಂದಳು ಜ್ಯೋತಿಲಕ್ಷ್ಮಿ. "ಕಣ್ಣು ಮುಚ್ಚಿ. ಕೈನ ಅದರ ಪಾಡಿಗೆ ಬಿಡಿ. ತಪ್ಪಿದರೆ ತಪ್ಪಲಿ."

ರಂಗನಾಯಕ ಈ ಸಲ ಕೂಗಿ ಹೇಳಲಿಲ್ಲ. ತಾನೇ ಗೋಡೆ ಸುತ್ತಿಕೊಂಡು ಹೋಗಿ ಕಾನ್‌ಸ್ಟೆಬಲ್‌ಗೆ ಸನ್ನೆ ಮಾಡಿ ಗಾಡಿಗಳ ಸರದಿ ಬದಲಾಯಿಸಿದ.

ಮೇಷ್ಟರ ಗಾಡಿ ಬಂತು. ಮುದುಕನ ಕೈ ಮಲಗಿಯೇ ಇತ್ತು. ಬುಲೆಟ್ ಬಂತು. ಬೆರಳುಗಳು ತೊಡೆಯ ಮೇಲೆ ಸಮವಾಗಿ ಬಿದ್ದವು. ಅವನು ಸುಮ್ಮನೆ ತಲೆಯಾಡಿಸಿದ, ಇಲ್ಲ ಎಂದು.

ಮೂರನೆಯದು ಬಂತು.

ಅಂಗೈ ಎರಡು ಸಲ ಬೆನ್ನುಬೆನ್ನಿಗೆ ಬಡಿದು ನಿಂತಿತು. ಮತ್ತೆ ಎರಡು ಸಲ, ಮತ್ತೆ ನಿಂತಿತು. ಯಾರೂ ಅದನ್ನು ತಿದ್ದಲಿಲ್ಲ. ಚಿಕ್ಕಮಾದಪ್ಪ ಕುರ್ಚಿ ಉರುಳುವಂತೆ ಎದ್ದು ಗೋಡೆಯಿಂದ ದೂರ ಸರಿದ.

"ಇದು... ಇದೇ ನಿಂತಿತ್ತು. ಕೇಳವ್ವ, ಬಿಡುವಲ್ಲಿ ಟಿಣ್ ಅಂತದೆ ನೋಡು. ಅವತ್ತೂವೆ ಟಿಣ್ ಅಂತಿತ್ತು. ಅಯ್ಯೋ ಮಾದಪ್ಪ, ನನ್ ಕೈ ಸರ್ಯಾಗೇ ಇತ್ತಲ್ಲೋ!"

ಅವಳು ಕಿವಿಗೊಟ್ಟು ಕೇಳಿದಳು. ನಿಜ. ಸೈಲೆನ್ಸರಿನ ಮೇಲಿನ ತಗಡು ಎಲ್ಲೋ ಸಡಿಲವಾಗಿ, ದೊಡ್ಡ ಬಿಡುವಿನಲ್ಲಿ ಸಣ್ಣಗೆ ಟಿಣ್ ಎನ್ನುತ್ತಿತ್ತು. ಅಂದರೆ ಇಂಥ ಜಾತಿಯ ಗಾಡಿ ಎಂದಷ್ಟೇ ಅಲ್ಲ, ಇದೇ ಗಾಡಿ.

ಜ್ಯೋತಿಲಕ್ಷ್ಮಿ ಅಲ್ಲೇ ಒಲೆಯ ಕಟ್ಟೆಯ ಮೇಲೆ ಕೂತಳು. ತಮ್ಮನನ್ನು ಹಿಡಿದುಕೊಂಡು ಹೋದ ದಿನದಿಂದ ಮೊದಲ ಸಲ ಅವಳಿಗೆ ಹಸಿವಾಯಿತು. ಇವತ್ತು ಸಂಜೆಯೇ ವಕೀಲರಿಗೆ ಫೋನು ಮಾಡಬೇಕು, ನಾಳೆ ಜೈಲಿಗೆ ಹೋಗಿ ಅವನ ಬಾಯಿಗೆ ಒಂದು ತುತ್ತು ತಾನೇ ಇಡಬೇಕು ಎಂದುಕೊಂಡಳು.

ರಂಗನಾಯಕ ಅಂಗಳಕ್ಕೆ ಇಳಿದಿದ್ದ. ಗಾಡಿಯ ಮುಂದೆ ಬಗ್ಗಿ ಮಡ್‌ಗಾರ್ಡಿನ ಮೇಲೆ ಬೆರಳಾಡಿಸಿದ, ಹೊಸ ಬೋಲ್ಟುಗಳನ್ನು ಮುಟ್ಟಿ ನೋಡಿದ. ಆಮೇಲೆ ಬೇವಿನ ಮರದ ಕಡೆ ತಿರುಗಿದ.

"ಗುರುಪಾದಸ್ವಾಮಿ, ಬನ್ನಿ ಒಳಗೆ."

ಅವನು ಬಂದ. ಇಸ್ತ್ರಿ ಅಂಗಿಯ ಕಂಕುಳು ಒದ್ದೆಯಾಗಿತ್ತು. ಒಳಗೆ ನಡೆದದ್ದೆಲ್ಲ ಅವನಿಗೆ ಕೇಳಿಸಿತ್ತು.

"ಸುವರ್ಣಮ್ಮ ಸತ್ತ ದಿನ ಬೆಳಗ್ಗೆ ಈ ಗಾಡಿ ಎಲ್ಲಿತ್ತು?"

ಗುರುಪಾದಸ್ವಾಮಿ ಪೊಲೀಸಿನವನನ್ನು ನೋಡಲಿಲ್ಲ, ಜ್ಯೋತಿಲಕ್ಷ್ಮಿಯನ್ನು ನೋಡಿದ. ಅವನ ಕಣ್ಣು ತುಂಬಿತ್ತು.

"ಅಕ್ಕಾ, ಇದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ."

"ಯಾಕೆ, ಹೇಳೋಕೆ ನಾಚಿಕೆಯಾ?" ಅವಳು ಕಟ್ಟೆಯಿಂದ ಎದ್ದಳು. ತಡೆದಿಟ್ಟಿದ್ದ ಸಿಟ್ಟೆಲ್ಲ ಉಕ್ಕಿ ಬಂತು. "ಅವನು ಅಲ್ಲಿ ಅನ್ನ ಬಿಟ್ಟು ಕೂತಿದ್ದಾನೆ. ನೀನು ಹೊಸ ಮಡ್‌ಗಾರ್ಡು ಹಾಕಿಸ್ಕೊಂಡು ಓಡಾಡ್ತಿದ್ದೀಯ. ಹೇಳು! ಎಲ್ಲಿತ್ತು?"

"ನನ್ನತ್ರ ಇರ್ಲಿಲ್ಲ ಅಕ್ಕ. ಕುಮಾರನತ್ರ ಇತ್ತು."

ತಗಡಿನ ಸೂರು ಚಟ್ ಎಂದಿತು.

"ಸುಳ್ಳು" ಎಂದಳು.

"ಹಿಂದಿನ ದಿನ ಲೊಕ್ಕನಹಳ್ಳಿಯಲ್ಲಿ ಜಗಳ ಆಡ್ಕೊಂಡು ಸೀದಾ ನಮ್ಮನೆಗೆ ಬಂದ. ಮನಸ್ಸು ಸರಿಯಿಲ್ಲ, ಎಲ್ಲಾದ್ರೂ ದೂರ ಹೋಗ್ಬರ್ತೀನಿ, ನಿನ್ನ ಗಾಡಿ ಕೊಡು ಅಂದ. ನಾವು ಯಾವಾಗ್ಲೂ ಬದ್ಲಾಯಿಸ್ಕೊಳ್ತಿದ್ವಲ್ಲ ಅಕ್ಕ, ನೀವೇ ನೋಡಿದ್ದೀರಿ. ಬುಲೆಟ್ಟು ನಮ್ಮ ಶೆಡ್ಡಲ್ಲಿ ನಿಲ್ಲಿಸಿ ಇದನ್ನ ತಕೊಂಡು ಹೋದ. ಮಾರನೇ ದಿನ ಮಧ್ಯಾಹ್ನ ತಂದು ಬಿಟ್ಟ. ಮುಂದಿನ ಮಡ್‌ಗಾರ್ಡು ಒಡೆದಿತ್ತು. ಕಾಡುಹಂದಿ ಅಡ್ಡ ಬಂತು ಕಣೋ, ಫಾರೆಸ್ಟಿನವರಿಗೆ ಗೊತ್ತಾದ್ರೆ ಕೇಸು, ಯಾರಿಗೂ ಹೇಳ್ಬೇಡ ಅಂದ. ಹೊಸದನ್ನೂ ಅವನೇ ತಂದು ಹಾಕಿದ."

"ಸುಳ್ಳು ಸಾರ್! ತನ್ನ ತಲೆ ಉಳಿಸಿಕೊಳ್ಳೋಕೆ ಜೈಲಲ್ಲಿರೋನ ಮೇಲೆ ಹಾಕ್ತಿದ್ದಾನೆ."

"ನಾನು ಗುದ್ದಿದ್ರೆ ಈ ಗಾಡಿನ ನಿಮ್ಮ ಪರೀಕ್ಷೆಗೆ ತರ್ತಿದ್ನಾ ಅಕ್ಕಾ?"

ತರದಿದ್ದರೆ ಅನುಮಾನ ಬರುತ್ತದೆಂದು ತಂದಿರಬಹುದು. ಅವಳು ಬೋನು ಇಟ್ಟದ್ದೇ ಆ ಲೆಕ್ಕದ ಮೇಲೆ. ಆದರೆ ಈಗ ಅದನ್ನು ಹೇಳಹೋದರೆ ಅವಳಿಗೇ ನಂಬಿಕೆ ಬರುತ್ತಿರಲಿಲ್ಲ.

"ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದು ಯಾಕೆ?" ಎಂದು ರಂಗನಾಯಕ ಕೇಳಿದ.

"ನೀವೇ ಬುಲೆಟ್ ಅಂದ್ರಲ್ಲ ಸಾರ್." ಗುರುಪಾದಸ್ವಾಮಿ ಕೈಯಲ್ಲಿ ಮುಖ ಒರೆಸಿಕೊಂಡ. "ಬುಲೆಟ್ ಅವತ್ತು ನಮ್ಮ ಶೆಡ್ಡು ಬಿಟ್ಟು ಕದಲಿಲ್ಲ, ಮನೆಯವರೆಲ್ಲ ನೋಡಿದ್ದಾರೆ. ಅದರ ಮೇಲೆ ಗೀರೂ ಇಲ್ಲ. ಕೇಸು ಬುಲೆಟ್ ಮೇಲೇ ಇರೋವರೆಗೂ ಅವನಿಗೆ ಶಿಕ್ಷೆ ಆಗಲ್ಲ, ಇವತ್ತಲ್ಲ ನಾಳೆ ಬರ್ತಾನೆ ಅಂದ್ಕೊಂಡೆ. ಸ್ನೇಹಿತ ಸಾರ್. ಹಂದಿ ಅಂತಾನೇ ನಂಬಿದ್ದೆ. ನಂಬ್ಕೊಂಡೇ ಇರೋಣ ಅಂತಿದ್ದೆ. ಇವತ್ತು ಈ ತಾತ ಹೇಳೋವರೆಗೂ..." ಅವನು ಮುಖ ಮುಚ್ಚಿಕೊಂಡು ಅತ್ತ.

ಅವನ ಅಳು ನಿಜವೋ ನಟನೆಯೋ ಅಳೆಯಲು ಜ್ಯೋತಿಲಕ್ಷ್ಮಿ ನೋಡಿದಳು. ಎಷ್ಟೋ ಸುಳ್ಳುಗಾರರ ಅಳು ಕಂಡಿದ್ದ ಕಣ್ಣು ಅವಳದು. ಇವತ್ತು ಅದು ಕೆಲಸಕ್ಕೆ ಬರಲಿಲ್ಲ. ಅವಳ ತಲೆಯಲ್ಲಿ ಬೇರೆ ದನಿಯೊಂದು ಕೇಳಿಸತೊಡಗಿತ್ತು.

ಅದು ಬುಲೆಟ್ಟು ಅಂತಲೇ ಇರ್ಲಿ. ಬುಟ್ಬುಡು.

ಕೈಚೆಲ್ಲಿದವನ ಮಾತು ಎಂದು ಬಸ್ಸಿನಲ್ಲಿ ಅತ್ತಿದ್ದಳು. ಆಗ ಅವನು ತಲೆ ಎತ್ತಿ ನೋಡಿದ ನೋಟ ಈಗ ಮತ್ತೆ ಕಣ್ಣ ಮುಂದೆ ನಿಂತಿತು. ಅದರಲ್ಲಿ ಬೇಸರ ಇರಲಿಲ್ಲ. ಹೆದರಿಕೆ ಇತ್ತು.

ವಕೀಲರು ಹೇಳಿದ್ದು ಸರಿ, ಬುಲೆಟ್ಟಿನ ಕೇಸು ತಾನಾಗಿಯೇ ಬೀಳುತ್ತಿತ್ತು. ಅದನ್ನು ಇವಳೇ ಕಿತ್ತು ಹಾಕಿ, ಅದರ ಜಾಗದಲ್ಲಿ ಎಂದೂ ಬೀಳದಂಥ ಕೇಸೊಂದನ್ನು ಪೊಲೀಸರ ಕೈಗೆ ಕೊಟ್ಟಿದ್ದಳು. ಮಡ್‌ಗಾರ್ಡು, ತಗಡಿನ ಟಿಣ್ ಸದ್ದು, ತಿದ್ದದೆ ಬಿಟ್ಟ ಕೈ, ಎಲ್ಲವನ್ನೂ ಇವಳೇ ಹೆಕ್ಕಿ ಪೋಣಿಸಿದ್ದಳು. ಗುರುಪಾದಸ್ವಾಮಿ ಹೇಳಿದ್ದು ಸುಳ್ಳಾಗಿದ್ದರೆ ತಮ್ಮ ಉಳಿಯುತ್ತಾನೆ. ನಿಜವಾಗಿದ್ದರೆ, ಇಂಜಿನ್ ಆರಿಸದೆ ನಿಂತು, ಮಂಜಿನಲ್ಲಿ ಒಬ್ಬ ಹೆಂಗಸು ಸಾಯುವುದನ್ನು ಕೇಳಿಸಿಕೊಂಡವನು ತನ್ನ ಕೈಯ ತುತ್ತು ತಿಂದು ಬೆಳೆದ ಹುಡುಗ.

ಚಿಕ್ಕಮಾದಪ್ಪ ನೆಲದಿಂದ ಕಂಸಾಳೆ ಎತ್ತಿ ಕಣ್ಣಿಗೊತ್ತಿಕೊಂಡ. ಅವನ ಮುಖ ತಿಳಿಯಾಗಿತ್ತು. ಅವಳ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟ.

"ಈಗ್ಲಾದ್ರೂ ಸರ್ಯಾಗಿ ಏಳುದ್ನಾ ಅವ್ವ? ನಿನ್ ತಮ್ಮನ್ನ ಬುಡ್ತಾರಾ?"

ಅವಳು ಅವನ ಕೈಯನ್ನು ಮೆಲ್ಲಗೆ ತಲೆಯಿಂದ ಕೆಳಗಿಳಿಸಿದಳು.

ರಂಗನಾಯಕ ಟೋಪಿ ಹಾಕಿಕೊಂಡ. ಈವರೆಗೆ ಇದ್ದ ಕನಿಕರ ಅವನ ಮುಖದಿಂದ ಮಾಯವಾಗಿತ್ತು. ಅವನು ಕೇಳಿದ್ದು ಮೆಲ್ಲಗೆ, ಆದರೆ ಪೊಲೀಸಿನವನಾಗಿಯೇ ಕೇಳಿದ.

"ನಿನ್ನೆ ಜೈಲಿಗೆ ಹೋಗಿದ್ರಲ್ಲ ಮೇಡಂ. ಈ ಸದ್ದಿನ ಪರೀಕ್ಷೆ ಮಾಡಿಸ್ತಿದ್ದೀವಿ ಅಂತ ತಮ್ಮನಿಗೆ ಹೇಳಿದ್ರಾ?"

"ಹೇಳಿದೆ."

"ಏನಂದ?"

ಜ್ಯೋತಿಲಕ್ಷ್ಮಿ ಬಾಯಿ ತೆರೆದಳು. ಗೋಡೆಯ ಆಚೆ ಆ ಗಾಡಿಯನ್ನು ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಅದು ನಿಂತಲ್ಲೇ ನಿಂತು ಎರಡು ಏಟು ಬಡಿಯುತ್ತಿತ್ತು, ಸುಮ್ಮನಾಗುತ್ತಿತ್ತು, ಮತ್ತೆ ಎರಡು ಏಟು ಬಡಿಯುತ್ತಿತ್ತು.